ಉಳಿ ಸುತ್ತಿಗೆ ತೋರಿಸಿದ ಚಿನ್ನದ ದಾರಿ

ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರಿನ ಹಿಂದೆ ಚಿನ್ನದ ಗೀಳು ಹತ್ತಿಸಿಕೊಂಡ ಒಬ್ಬ ಮಾಜಿ ಸೈನಿಕನಿದ್ದಾನೆಂಬುದು ಎಷ್ಟೋ ಮಂದಿಗೆ ತಿಳಿದಿರಲಾರದು. ಐರ್ಲೆಂಡಿನ ಮೈಕೇಲ್ ಲ್ಯಾವೆಲ್ ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಕಾದಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ಹಳೆಯ ಪತ್ರಿಕೆಯೊಂದರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟನ ವರದಿ ಅವನ ಕಣ್ಣಿಗೆ ಬಿತ್ತು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ.

ಆ ವರದಿಯಲ್ಲಿ ಇದ್ದುದಾದರೂ ಏನು? 1799ರಲ್ಲಿ ಟಿಪ್ಪು ಮಡಿದ ನಂತರ ಮೈಸೂರು ರಾಜ್ಯದ ಪೂರ್ವದ ಗಡಿ ಗುರುತಿಸುವ ಕೆಲಸ ವಾರನ್ನನ ಪಾಲಿಗೆ ಬಂದಿತ್ತು. ಈ ಸೀಮೆಯಲ್ಲಿ ಚಿನ್ನ ಸಿಗುತ್ತದೆಂಬ ಮಾತು ಕೇಳಿದ ಆತ 1802ರಲ್ಲಿ, ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿಸಿದ. ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ಅವನೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂನಲ್ಲಿ ಅವನು ಕಂಡದ್ದು ಇನ್ನೂ ದೊಡ್ಡ ಸಂಗತಿ. ಅಲ್ಲಿ ಜನ ಗುಂಡಿಗಳಿಗೆ ಇಳಿದು, ಸಣ್ಣ ಕಬ್ಬಿಣದ ಹತಾರಗಳಿಂದ ಬಂಡೆಯನ್ನೇ ಒಡೆಯುತ್ತಿದ್ದರು. ಒಡೆದ ಕಲ್ಲು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟುತ್ತ ಮೇಲೆ ಬರುತ್ತಿತ್ತು. ಮೇಲೆ ಹೆಂಗಸರು ಅದನ್ನು ದೊಡ್ಡ ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು.

ಈ ಕೆಲಸದ ಒಳಮರ್ಮವನ್ನು ಸ್ವಲ್ಪ ಗಮನಿಸಿ. ಹೊಳೆಯ ಮರಳಿನಲ್ಲಿ ಚಿನ್ನ ಆಯುವುದು ಬೇರೆ, ಬಂಡೆಯಿಂದ ಬಿಡಿಸುವುದು ಬೇರೆ. ಬಂಡೆಯ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿರುತ್ತದೆ. ಬಹುಪಾಲು ಬರಿಗಣ್ಣಿಗೆ ಕಾಣುವುದೇ ಇಲ್ಲ. ಬಲ್ಲವನು ಹುಡುಕುವುದು ಹೊಳಪನ್ನಲ್ಲ, ತುಕ್ಕನ್ನು. ಬೆಣಚುಕಲ್ಲಿನ ಜೊತೆಗಿದ್ದ ಕಬ್ಬಿಣದ ಖನಿಜ ಮಳೆ ಗಾಳಿಗೆ ಕರಗಿ ಕಂದು ಕಲೆ ಬಿಟ್ಟಿದ್ದರೆ ಅಲ್ಲಿ ಸುತ್ತಿಗೆ ಇಡಬೇಕು. ಚಿನ್ನವೆಂದು ಮೋಸಗೊಳಿಸುವ ಪೈರೈಟ್ ಏಟಿಗೆ ಪುಡಿಯಾಗುತ್ತದೆ. ನಿಜವಾದ ಚಿನ್ನ ಚಪ್ಪಟೆಯಾಗುತ್ತದೆ. ಉಳಿಗೆ ಜಗ್ಗದ ಬಂಡೆಗೆ ಬೆಂಕಿಯೇ ಆಯುಧ. ಸೌದೆ ಒಟ್ಟಿ ಕಾಯಿಸಿ ನೀರು ಎರಚಿದರೆ ಬಂಡೆ ಬಿರುಕು ಬಿಡುತ್ತದೆ. ಬಳಿಕ ಕುಟ್ಟಿ, ಅರೆದು, ನೀರಿನಲ್ಲಿ ಆಡಿಸಬೇಕು. ಬೆಣಚುಕಲ್ಲಿಗಿಂತ ಚಿನ್ನ ಏಳು ಪಟ್ಟು ಭಾರ. ಹಗುರವಾದ ಪುಡಿ ನೀರಿನೊಡನೆ ಹರಿದುಹೋದರೆ ತಳದಲ್ಲಿ ಚಿನ್ನ ನಿಲ್ಲುತ್ತದೆ.

ಈ ವಿದ್ಯೆ ಎಷ್ಟು ಹಳೆಯದು? ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹಳಬರ ಸುರಂಗಗಳು ಸುಮಾರು 640 ಅಡಿ ಆಳಕ್ಕೆ ಇಳಿದಿವೆ. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ತಿಳಿಯಿತು. ಸಿಡಿಮದ್ದಿಲ್ಲ, ಪಂಪಿಲ್ಲ, ದೀಪವೆಂದರೆ ಎಣ್ಣೆಯ ಬತ್ತಿ ಅಥವಾ ಪಂಜು. ಆದರೂ ಅಷ್ಟು ಆಳ! ಹಟ್ಟಿಗೆ ದೂರವಲ್ಲದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಗುರುತಿಸಿದವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಶೋಕನೇ ಎಂಬುದನ್ನು ಹೆಸರು ಹೇಳಿ ಖಚಿತಪಡಿಸಿದ್ದು ಆ ಬಂಡೆಯೇ. ಬ್ರಹ್ಮಗಿರಿಯ ಶಾಸನವಂತೂ ‘ಸುವರ್ಣಗಿರಿ’ಯಿಂದ ಹೊರಟ ಆಜ್ಞೆ. ಆ ಊರು ಈ ಸೀಮೆಯಲ್ಲೇ ಇತ್ತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಮೌರ್ಯರ ಕಣ್ಣು ಇತ್ತ ಹರಿಯಲು ಇಲ್ಲಿನ ಚಿನ್ನವೂ ಒಂದು ಕಾರಣವಾಗಿದ್ದರೆ ಆಶ್ಚರ್ಯವೇನೂ ಇಲ್ಲ.

ಮತ್ತೆ ಲ್ಯಾವೆಲ್ಲನ ಕಥೆಗೆ ಬರೋಣ. ಅವನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಬರೆದು, 1875ರಲ್ಲಿ ಅಗೆಯುವ ಪರವಾನಗಿ ಪಡೆದ. ಆದರೆ ಗಟ್ಟಿ ಬಂಡೆ ಒಬ್ಬನ ಹಣದ ಚೀಲಕ್ಕೆ ಬಗ್ಗುವಂಥದಲ್ಲ. ಹಕ್ಕು ಬೇರೆಯವರ ಕೈಗೆ ಹೋಯಿತು. 1880ರ ಹೊತ್ತಿಗೆ ಇಂಗ್ಲೆಂಡಿನ ಬಂಡವಾಳ ಹರಿದುಬಂತು. ಬಂದಷ್ಟೇ ಬೇಗ ಕರಗಿಯೂ ಹೋಯಿತು. ಮೈಸೂರ್ ಮೈನ್ ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ, ಪ್ಲಮ್ಮರ್ ಎಂಬ ಗಣಿ ಅಧಿಕಾರಿ ಉಳಿದಿದ್ದ ಅಷ್ಟಿಷ್ಟು ಹಣದಲ್ಲಿ ಹಳಬರ ಗುಂಡಿಗಳ ಕೆಳಗೇ ಇಳಿದು ನೋಡಿದ. ಜಗತ್ಪ್ರಸಿದ್ಧವಾದ ಚಾಂಪಿಯನ್ ಎಳೆ ಸಿಕ್ಕಿದ್ದು ಅಲ್ಲಿ. ಕಂಪನಿಗಳನ್ನು ಉಳಿಸಿದ್ದು ಹೊಸ ಯಂತ್ರವಲ್ಲ, ಹೆಸರಿಲ್ಲದ ಕೈಗಳು ಬಿಟ್ಟುಹೋದ ಗುರುತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರಕ್ಕೆ ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಸುಮಾರು 800 ಟನ್ ಚಿನ್ನ ಕೊಟ್ಟು 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಮಾತ್ರ ಕೆಲಸ ಇಂದಿಗೂ ನಡೆದಿದೆ.

ಯಂತ್ರ ಬರುವ ಮೊದಲು ಇಲ್ಲಿ ಏನೂ ಇರಲಿಲ್ಲವೆಂಬಂತೆ ಕೋಲಾರದ ಚರಿತ್ರೆಯನ್ನು 1880ರಿಂದ ಆರಂಭಿಸುವ ರೂಢಿಯಿದೆ. ಅದು ತಪ್ಪು. ಲ್ಯಾವೆಲ್ ವಾರನ್ನನನ್ನು ಓದಿ ಬಂದ. ವಾರನ್ ಮಾರಿಕುಪ್ಪಂನ ಜನರನ್ನು ನೋಡಿ ಬರೆದ. ಆ ಜನ ಯಾರನ್ನೂ ಓದಿರಲಿಲ್ಲ. ತಲೆಮಾರುಗಳಿಂದ ಬಂಡೆಯನ್ನೇ ಓದಿದ್ದರು. ಲ್ಯಾವೆಲ್ಲನ ಹೆಸರಿಗೆ ಒಂದು ರಸ್ತೆ ಇದೆ, ಇರಲಿ. ಮಾರಿಕುಪ್ಪಂನಲ್ಲಿ ಕಲ್ಲು ಕುಟ್ಟಿದ ಆ ಹೆಂಗಸರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ. ಚಿನ್ನದ ಚರಿತ್ರೆ ಹೇಳುವವರು ಮೊದಲ ಪುಟವನ್ನಾದರೂ ಅವರಿಗೆ ಬಿಟ್ಟುಕೊಡಬೇಕು.