ಆಪ್ತಸಮಾಲೋಚಕನ ದಣಿವನ್ನು ಕೇಳುವವರಾರು?

(ರಾಯಚೂರಿನ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದ್ಯಪಾನದ ಕೆಡುಕುಗಳ ಕುರಿತು ತಾವು ಸಾಕಷ್ಟು ಪ್ರವಚನಗಳನ್ನು ಕೇಳಿದ್ದೀರಿ. ಇಂದು ನಾನು ವ್ಯಸನಿಯ ಬಗ್ಗೆಯಲ್ಲ, ಪುನರ್ವಸತಿ ಕೇಂದ್ರದಲ್ಲಿ ಅವನ ಎದುರು ಕುಳಿತು ಅವನ ಮಾತನ್ನು ಆಲಿಸುವ ಆಪ್ತಸಮಾಲೋಚಕನ ಬಗ್ಗೆ ಮಾತನಾಡಬಯಸುತ್ತೇನೆ.

ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗಷ್ಟೇ ಏನಾದರೊಂದು ಚಿಕಿತ್ಸೆ ದೊರೆತಿದೆ. ಆ ಒಬ್ಬನನ್ನು ನೋಡಿಕೊಳ್ಳಲಿಕ್ಕೇ ಜನ ಸಾಲದಿರುವಾಗ ಉಳಿದ 37 ಮಂದಿ ಬಾಗಿಲು ತಟ್ಟಿದರೆ ಗತಿಯೇನು?

ನಮ್ಮ ಜಿಲ್ಲೆಗೆ ಇನ್ನೊಂದು ಪೀಡೆಯಿದೆ. ಸಿ.ಎಚ್. ಪೌಡರ್ ಬೆರೆಸಿದ ಸೇಂದಿ. ಕ್ಲೋರಲ್ ಹೈಡ್ರೇಟ್ ಎಂಬ ಈ ನಿದ್ರಾಜನಕವನ್ನು ದಿನವೂ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಕಡಿವಾಣ ಬಿದ್ದಾಗ ನೂರಾರು ಮಂದಿ ಹೀಗೆಯೇ ಆಸ್ಪತ್ರೆ ಸೇರಿದರು. ಇಂಥವನಿಗೆ ಮೊದಲು ಬೇಕಾದದ್ದು ವೈದ್ಯರು, ಉಪದೇಶವಲ್ಲ. ದೇವದುರ್ಗದಲ್ಲೋ ಮಾನ್ವಿಯಲ್ಲೋ ರಾತ್ರಿ ಒಬ್ಬನಿಗೆ ಫಿಟ್ಸ್ ಬಂದರೆ ಮನೆಯವರು ಫೋನ್ ಮಾಡುವುದು ಮಾತ್ರ ಸಮಾಲೋಚಕನಿಗೇ. ವಾಹನ ಹುಡುಕುವವನೂ ಅವನೇ, ರಾಯಚೂರಿಗೆ ಕರೆತರಲು ಮನೆಯವರನ್ನು ಒಪ್ಪಿಸುವವನೂ ಅವನೇ.

ಈ ದಣಿವಿಗೆ 'ಬರ್ನ್‌ಔಟ್' ಎಂಬ ಹೆಸರು ಬಂದದ್ದೂ ಇಂಥ ಕಡೆಯಿಂದಲೇ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಮಾದಕ ವ್ಯಸನಿಗಳ ಸೇವೆಗೆ ನಿಂತ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ತಮ್ಮಲ್ಲೂ ಸಹೋದ್ಯೋಗಿಗಳಲ್ಲೂ ಕಂಡದ್ದನ್ನು ಬರೆದರು. ಮೊದಲು ಶಕ್ತಿ ಬತ್ತುತ್ತದೆ. ಬಳಿಕ ರೋಗಿಯ ಮೇಲೆ ತಾತ್ಸಾರ ಮೂಡುತ್ತದೆ. ಕೊನೆಗೆ ತನ್ನಿಂದ ಏನೂ ಆಗದೆಂಬ ಭಾವನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆನ್ನದೆ, ಉದ್ಯೋಗದಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಿತು. ಅಂದರೆ ದೋಷವನ್ನು ನೌಕರನಲ್ಲಿ ಮಾತ್ರ ಹುಡುಕುವಂತಿಲ್ಲ.

ಹಾಗಾದರೆ ನಮ್ಮ ಪಾತ್ರವೇನು? ಮದ್ಯ ಹರಾಮ್ ಎಂಬ ಅರಿವು ನಮ್ಮಲ್ಲಿದೆ. ಆದ್ದರಿಂದಲೇ ಚಟ ಮನೆ ಹೊಕ್ಕಾಗ ಅದನ್ನು ಮುಚ್ಚಿಡುತ್ತೇವೆ. ಮಗಳ ಸಂಬಂಧ ಮುರಿದೀತೆಂಬ ಭಯ. ಮಾನ್ವಿಯವರು ರಾಯಚೂರಿಗೆ ಬರುತ್ತಾರೆ, ರಾಯಚೂರಿನವರು ಹೈದರಾಬಾದಿಗೆ ಹೋಗುತ್ತಾರೆ. ಅಷ್ಟೂ ಮನೆಗಳ ಗುಟ್ಟು ಒಬ್ಬನ ಎದೆಯಲ್ಲಿ ಸೇರುತ್ತದೆ. ಅದನ್ನು ಅವನು ಹೆಂಡತಿಗೂ ಹೇಳುವಂತಿಲ್ಲ. ಮೇಲಾಗಿ, ಮಗ ಮತ್ತೆ ಕುಡಿದು ಬಂದರೆ "ಅಷ್ಟು ಹಣ ಕಟ್ಟಿದೆವಲ್ಲ" ಎಂಬ ಜಗಳ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೊಮ್ಮೆ ಜಾರುತ್ತಾರೆಂದು ತಜ್ಞರು ಹೇಳುತ್ತಾರೆ. ರಕ್ತದೊತ್ತಡ, ಅಸ್ತಮಾಗಳಲ್ಲೂ ರೋಗ ಮರುಕಳಿಸುವುದು ಹೆಚ್ಚುಕಡಿಮೆ ಹೀಗೆಯೇ. (ಬಿ.ಪಿ. ಮಾತ್ರೆಯನ್ನು ಹದಿನೈದೇ ದಿನಕ್ಕೆ ಬಿಟ್ಟವರು ಈ ಸಭೆಯಲ್ಲೂ ಇರಬಹುದು. ಅವರಾರೂ ವೈದ್ಯರ ಕೊರಳಪಟ್ಟಿ ಹಿಡಿಯುವುದಿಲ್ಲ.) ಎಷ್ಟೋ ಸಮಾಲೋಚಕರು ಹಿಂದೆ ಸ್ವತಃ ವ್ಯಸನಿಗಳಾಗಿದ್ದವರು. ಇನ್ನೊಬ್ಬ ಜಾರಿದಾಗ ಅವರಿಗೆ ತಮ್ಮ ಕಾಲ ಕೆಳಗಿನ ನೆಲವೂ ಅಲುಗಿದಂತಾಗುತ್ತದೆ.

ಪರಿಹಾರಗಳು ದುಬಾರಿಯೇನಲ್ಲ. ವಾರಕ್ಕೊಮ್ಮೆ ಹಿರಿಯರೊಬ್ಬರ ಮುಂದೆ ಕಷ್ಟದ ಪ್ರಕರಣಗಳನ್ನು, ಹೆಸರು ಹೇಳದೆ, ಬಿಚ್ಚಿಡುವ ಅವಕಾಶ ಬೇಕು. ರಾತ್ರಿಪಾಳಿ ಹಂಚಿಕೆಯಾಗಬೇಕು, ರಜೆ ನಿಜವಾಗಿಯೂ ರಜೆಯಾಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ದೂರದ ಊರುಗಳ ಸಮಾಲೋಚಕರಿಗೆ ವಿಡಿಯೋ ಮೂಲಕವೇ ತರಬೇತಿ ಕೊಡುತ್ತದೆ. ಕೇಂದ್ರ ನಡೆಸುವವರು ಅದಕ್ಕೆ ಸಮಯ ಬಿಟ್ಟುಕೊಡಲಿ. ನಮಾಝ್ ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ನಿಜ. ಆದರೆ ಸಂಬಳ ಬಾಕಿಯಿಟ್ಟು "ಸಬ್ರ್ ಮಾಡಿ" ಎನ್ನುವ ಆಡಳಿತದವರಿಗೆ ಧರ್ಮದ ಹೆಸರೆತ್ತುವ ಹಕ್ಕಿಲ್ಲ.

ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ನೆರವಿನ ಟೆಲಿ ಮನಸ್ 14416. ಎರಡನೆಯದಕ್ಕೆ ಸಮಾಲೋಚಕರೂ ಕರೆ ಮಾಡಬಹುದು. ನಿಮ್ಮಲ್ಲಿ ನನ್ನದೊಂದು ಬೇಡಿಕೆ: ಕೇಂದ್ರದಲ್ಲಿ ಮನೆಯವರ ಸಭೆ ಕರೆದಾಗ ತಾಯಿಯೊಬ್ಬಳನ್ನೇ ಕಳುಹಿಸಬೇಡಿ. ದೇವದುರ್ಗದಿಂದ ಬಸ್ಸು ಹತ್ತಿ ತಂದೆಯೂ ಬರಲಿ.