ದನಿ ಕೆಟ್ಟಾಗ ಮೊಬೈಲ್ ಹೇಳುವುದೇನು?



ದನಿ ಕೆಟ್ಟ ಶಿಕ್ಷಕಿಯೊಬ್ಬರು ಚಿಕಿತ್ಸೆಗೆಂದು ನಮ್ಮ ಹತ್ತಿರ ಬರುವ ಹೊತ್ತಿಗೆ ಹತ್ತಾರು ವೀಡಿಯೊ ನೋಡಿ, ಅವು ಹೇಳಿದ್ದನ್ನೆಲ್ಲ ಮಾಡಿ ಮುಗಿಸಿರುತ್ತಾರೆ. ಅವರನ್ನು ದೂರುವಂತಿಲ್ಲ. ತಾಲ್ಲೂಕಿನಲ್ಲಿ ವಾಕ್ ಚಿಕಿತ್ಸಕರು ಸಿಗುವುದು ಅಪರೂಪ, ಶಾಲೆಯಲ್ಲಿ ರಜೆ ಸಿಗುವುದು ಕಷ್ಟ, ಮೊಬೈಲ್ ಮಾತ್ರ ಕೈಯಲ್ಲೇ ಇರುತ್ತದೆ. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಶಿಕ್ಷಕರಲ್ಲಿ ಶೇ. 57.7 ಮಂದಿ ಒಮ್ಮೆಯಾದರೂ ಧ್ವನಿ ತೊಂದರೆ ಅನುಭವಿಸಿದ್ದರು. ಬೇರೆ ವೃತ್ತಿಯವರಲ್ಲಿ ಈ ಪ್ರಮಾಣ ಶೇ. 28.8. ಅಷ್ಟು ಜನ ಹುಡುಕಿ ಓದುವ ಮಾಹಿತಿಯ ಗುಣಮಟ್ಟ ನಮ್ಮ ಚಿಕಿತ್ಸೆಗೆ ಹೊರಗಿನ ವಿಷಯವೆಂದು ನಾನು ಒಪ್ಪಲಾರೆ.

ಕಾಳುಮೆಣಸು-ಕಲ್ಲುಸಕ್ಕರೆ, ಜ್ಯೇಷ್ಠಮಧು, ಬಿಸಿನೀರಿಗೆ ಜೇನುತುಪ್ಪ: ಕನ್ನಡದ ವೀಡಿಯೊಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಗಂಟಲಿಗೆ ಹಿತವೆನಿಸುವುದು ನಿಜ. ಆದರೆ ನುಂಗಿದ ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಪಿಗ್ಲಾಟಿಸ್ ಮುಚ್ಚಳದಂತೆ ಬಾಗುತ್ತದೆ, ತಂತುಗಳು ಒಂದಕ್ಕೊಂದು ಸೇರಿ ಉಸಿರಿನ ದಾರಿಯನ್ನು ಮುಚ್ಚುತ್ತವೆ. ಕಷಾಯ ಹಿಂಬದಿಯ ಅನ್ನನಾಳಕ್ಕೆ ಇಳಿದುಹೋಗುತ್ತದೆ. ತಪ್ಪಿ ತಂತುಗಳ ಮೇಲೆ ಬಿದ್ದರೆ ನೆತ್ತಿಗೇರಿ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಉಸಿರಿನೊಡನೆ ಹೋಗುವ ಹಬೆ ಅಲ್ಲಿಗೆ ತಲುಪುತ್ತದೆ. ಬೀಡಿಯ ಹೊಗೆಯೂ ತಲುಪುತ್ತದೆ, ಅದನ್ನು ಬಿಡಿ ಎಂದು ಹೇಳುವ ಮನೆಮದ್ದಿನ ವೀಡಿಯೊ ಕಡಿಮೆ. ‘ದನಿಗೆ ವಿಶ್ರಾಂತಿ ಕೊಡಿ, ಪಿಸುಗುಟ್ಟಿ ಮಾತಾಡಿ’ ಎಂಬ ಸಲಹೆಯೂ ಓಡಾಡುತ್ತಿದೆ. ಒತ್ತಿ ಪಿಸುಗುಟ್ಟಿದರೆ ಹಲವರ ಧ್ವನಿಪೆಟ್ಟಿಗೆ ಇನ್ನಷ್ಟು ಬಿಗಿಯುತ್ತದೆ.

ಮೆಣಸಿನಿಂದ ಆಗುವ ಹಾನಿ ಅಲ್ಪ. ಅದನ್ನು ನಂಬಿ ಕಳೆದ ವಾರಗಳಿಂದ ಆಗುವ ಹಾನಿ ದೊಡ್ಡದು. ಕಿವಿಗೆ ಒಂದೇ ಬಗೆಯಾಗಿ ಕೇಳುವ ಒಡಕು ದನಿಯ ಹಿಂದೆ ಶಿಕ್ಷಕಿಯ ತಂತುಗಳ ಮೇಲಿನ ಗಂಟು ಇರಬಹುದು, ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ನಿಶ್ಚಲವಾದ ತಂತು ಇರಬಹುದು, ಧೂಮಪಾನಿಯಲ್ಲಿ ಕ್ಯಾನ್ಸರ್ ಇರಬಹುದು. ಮಾತಿನ ನಡುವೆ ದನಿ ಹಿಸುಕಿದಂತೆ ತುಂಡಾಗುವ ಸ್ಪ್ಯಾಸ್ಮೋಡಿಕ್ ಡಿಸ್ಫೋನಿಯಾವಂತೂ ನರಸಂಬಂಧಿ ತೊಂದರೆ. ಅದನ್ನು ಬಹುಕಾಲ ಮನಸ್ಸಿನ ಕಾಯಿಲೆಯೆಂದೇ ತಿಳಿಯಲಾಗಿತ್ತು. ಗಂಟಿಗೆ ಧ್ವನಿ ಚಿಕಿತ್ಸೆ, ಇದಕ್ಕೆ ಬೊಟುಲಿನಮ್ ಇಂಜೆಕ್ಷನ್. ಒಳಗೆ ನೋಡದೆ ಯಾವುದು ಯಾವುದೆಂದು ಹೇಳಲಾಗದು. ಅಮೆರಿಕದ ಇಎನ್‌ಟಿ ಅಕಾಡೆಮಿಯ 2018ರ ಮಾರ್ಗಸೂಚಿ ಹೇಳುವುದೂ ಇದನ್ನೇ: ನಾಲ್ಕು ವಾರದಲ್ಲಿ ಒಡಕು ಹೋಗದಿದ್ದರೆ ಲ್ಯಾರಿಂಗೋಸ್ಕೋಪಿ ಆಗಬೇಕು, ಗಂಭೀರ ಕಾರಣದ ಶಂಕೆಯಿದ್ದರೆ ಕಾಯುವಂತೆಯೇ ಇಲ್ಲ. ತಂತುಗಳ ಮೇಲಿನ ಕ್ಯಾನ್ಸರ್ ಬಹುಬೇಗ ದನಿ ಕೆಡಿಸಿ ಸುಳಿವು ಕೊಡುತ್ತದೆ, ಆ ಹಂತದಲ್ಲಿ ಬಹುಪಾಲು ವಾಸಿಯಾಗುತ್ತದೆ. ಇಂಥ ಸುಳಿವನ್ನು ಕಷಾಯ ಕುಡಿಸಿ ಕಳೆದುಕೊಳ್ಳುವುದು ನನ್ನನ್ನು ತೀರಾ ಕಾಡುವ ಸಂಗತಿ.

ಹಾಗಾಗಿ ಒಂದು ಪುಟವೋ ವೀಡಿಯೊವೋ ಮುಂದೆ ಬಂದಾಗ ನಾನು ಮೊದಲು ಹುಡುಕುವುದು ಆ ನಾಲ್ಕು ವಾರದ ಗಡುವನ್ನು. ಚಿಕಿತ್ಸೆಯ ಕುರಿತ ಮಾಹಿತಿಯ ಗುಣಮಟ್ಟ ಅಳೆಯಲು ನಮ್ಮಲ್ಲಿ ಹಲವರು ಬಳಸುವ ಡಿಸ್ಕರ್ನ್ ಅಳತೆಗೋಲು ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದದ್ದು. 16 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಚಿಕಿತ್ಸೆ ಪಡೆಯದಿದ್ದರೆ ಏನಾಗುತ್ತದೆಂದು ಹೇಳಿದೆಯೇ ಎಂಬ ಒಳ್ಳೆಯ ಪ್ರಶ್ನೆ ಅದರಲ್ಲಿದೆ. ಆದರೆ ಹೇಳಿದ್ದು ವೈಜ್ಞಾನಿಕವಾಗಿ ಸರಿಯೇ ಎಂಬುದನ್ನು ಅದು ಅಳೆಯುವುದಿಲ್ಲ. ಓದುಸುಲಭತೆಯ ಪ್ರಸಿದ್ಧ ಸೂತ್ರಗಳಂತೂ ಇಂಗ್ಲಿಷಿನ ಪದದ ಉದ್ದ, ವಾಕ್ಯದ ಉದ್ದ ಎಣಿಸಲು ಹುಟ್ಟಿದವು. ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುವ ಕನ್ನಡದಲ್ಲಿ ಉದ್ದನೆಯ ಪದ ಮಗುವಿಗೂ ತಿಳಿದೀತು, ಎರಡಕ್ಷರದ ಸಂಸ್ಕೃತ ಪದ ದೊಡ್ಡವರಿಗೂ ತಿಳಿಯದೇ ಹೋದೀತು.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ನಾಡಿದು. ತಿಳಿದವರಿಗೆ ಇಲ್ಲಿ ಕೊರತೆಯಿಲ್ಲ. ಆದರೆ ನಾವು ಬರೆಯುವುದೆಲ್ಲ ಇಂಗ್ಲಿಷ್ ಜರ್ನಲ್‌ಗಳಿಗೆ ಹೋಗುತ್ತಿದೆ, ಕನ್ನಡದ ಹುಡುಕಾಟಕ್ಕೆ ಉತ್ತರ ಕೊಡುವ ಕೆಲಸ ಬೇರೆಯವರ ಪಾಲಾಗಿದೆ.

ಈ ಸಂಕಿರಣಕ್ಕೆ ನನ್ನ ಕೋರಿಕೆ ಇಷ್ಟೆ. ಮೌಲ್ಯಮಾಪನದ ಗೋಷ್ಠಿಯಲ್ಲಿ ಇಂಗ್ಲಿಷ್ ಪುಟಗಳ ಜೊತೆ ಜನ ನಿಜವಾಗಿ ನೋಡುವ ಕನ್ನಡ ವೀಡಿಯೊಗಳನ್ನೂ ತೆಗೆದುಕೊಳ್ಳಿ. ಅಂಕ ಕೊಡುವವರ ಸಾಲಿನಲ್ಲಿ ಒಬ್ಬ ಶಿಕ್ಷಕಿ, ಒಬ್ಬ ಯಕ್ಷಗಾನ ಭಾಗವತ, ಒಬ್ಬ ಬಸ್ ಕಂಡಕ್ಟರ್ ಕೂತಿರಲಿ. ವೀಡಿಯೊ ಮುಗಿದ ಮೇಲೆ ಅವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮ ದನಿ ಕೆಟ್ಟರೆ ಎಷ್ಟು ದಿನ ಕಾಯುತ್ತೀರಿ, ಆಮೇಲೆ ಯಾರ ಹತ್ತಿರ ಹೋಗುತ್ತೀರಿ?