ಹೊಸ ಪಿಕಪ್ಪಿನ ಮೈಲೇಜು: ಲೆಕ್ಕ ತಪ್ಪಿದ್ದೆಲ್ಲಿ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)

ಮುಂಬಯಿಯಲ್ಲಿ ನಮ್ಮವರು ಅನೇಕರು ಹೋಟೆಲು, ಕೇಟರಿಂಗು, ತರಕಾರಿ ಸರಬರಾಜು ಎಂದು ದುಡಿಯುವವರು. ಸ್ವಂತ ಕಾರಿಲ್ಲದವರ ಬಳಿಯೂ ಒಂದು ಪಿಕಪ್ ಗಾಡಿ ಇರುತ್ತದೆ. ಇಂದು ನಾನು ಮಾತಾಡುವುದು ಅಂಥ ಹೊಸ ಗಾಡಿಯ ಮೈಲೇಜಿನ ಬಗ್ಗೆ. ನಾನು ಇಂಜಿನಿಯರನಲ್ಲ. ಲೆಕ್ಕ ತಪ್ಪಿ ಒಬ್ಬ ಒಳ್ಳೆಯ ಚಾಲಕನನ್ನು ಕಳೆದುಕೊಳ್ಳುವುದರಲ್ಲಿದ್ದೆ. ನನ್ನ ಅರ್ಹತೆ ಅಷ್ಟೇ.

ಹೋದ ವರ್ಷ ಏಪ್ರಿಲ್‌ನಲ್ಲಿ ಹೊಸ ಡೀಸೆಲ್ ಪಿಕಪ್ ತೆಗೆದುಕೊಂಡೆ. ಬೆಳಗಿನ ಜಾವ ಠಾಣೆಯಿಂದ ವಾಶಿಯ ಮಾರುಕಟ್ಟೆ, ಅಲ್ಲಿಂದ ತರಕಾರಿ, ತೆಂಗಿನಕಾಯಿ ಹೇರಿಕೊಂಡು ಮಾಟುಂಗಾ, ದಾದರಿನ ಹೋಟೆಲುಗಳು, ಮತ್ತೆ ಠಾಣೆ. ದಿನಕ್ಕೆ ಹೆಚ್ಚುಕಡಿಮೆ 80 ಕಿಲೋಮೀಟರು. ಮೊದಲ ಸಲ ಟ್ಯಾಂಕು ತುಂಬಿಸಿ, 240 ಕಿಲೋಮೀಟರು ಓಡಿಸಿ ಮತ್ತೆ ತುಂಬಿಸಿದಾಗ 17 ಲೀಟರು ಹಿಡಿಯಿತು. ಅಂದರೆ ಲೀಟರಿಗೆ 14! ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮಳೆಗಾಲ ಬಂತು. ಜುಲೈ ತಿಂಗಳ ಲೆಕ್ಕ ತೆಗೆದರೆ 11. ತಿಂಗಳಿಗೆ 2,400 ಕಿಲೋಮೀಟರಿಗೆ 14ರಂತೆ 171 ಲೀಟರು ಸಾಕು, 11ರಂತೆ 218 ಬೇಕು. ನಡುವಿನ 47 ಲೀಟರು ಎಲ್ಲಿ ಹೋಯಿತು? ಲೀಟರಿಗೆ 90 ರೂಪಾಯಿ ಹಿಡಿದರೂ ನಾಲ್ಕು ಸಾವಿರಕ್ಕೆ ಮೇಲಾಯಿತು. ಚಾಲಕನನ್ನು ಕರೆದು, "ಡೀಸೆಲ್ ಎಲ್ಲಿ ಮಾರುತ್ತಿದ್ದೀಯ?" ಎಂದು ಕೇಳಿಯೇ ಬಿಟ್ಟೆ. ಅವನು ಜಗಳವಾಡಲಿಲ್ಲ. ಕೀಲಿಕೈಯನ್ನು ಮೇಜಿನ ಮೇಲಿಟ್ಟು, "ಒಂದು ವಾರ ನೀವೇ ಪಕ್ಕದಲ್ಲಿ ಕೂತು ಬನ್ನಿ ಸೇಠ್, ಆಮೇಲೆ ಹೇಳಿ" ಎಂದ.

ಕೂತು ಹೋದೆ.

ಹೋಗುವ ಮೊದಲು ಹಳೆಯ ಬಿಲ್ಲುಗಳನ್ನು ಹರಡಿಕೊಂಡು ನೋಡಿದ್ದೆ. 17 ಲೀಟರು ಹಿಡಿದ ಮೇಲಿನ ಮುಂದಿನ 240 ಕಿಲೋಮೀಟರಿಗೆ 23 ಲೀಟರು ಹಾಕಿಸಿತ್ತು. ಅಂದರೆ ಹತ್ತೂವರೆ ಕೂಡ ಇಲ್ಲ. ಆ ಬಿಲ್ಲನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದದ್ದು ಇಷ್ಟು. ಡೀಸೆಲ್ ನೊರೆ ಬಂದರೆ, ಗಾಡಿ ಒಂದು ಕಡೆಗೆ ವಾಲಿ ನಿಂತಿದ್ದರೆ, ಬಂಕಿನ ನಳಿಕೆ ಬೇಗನೆ ಟಕ್ ಎಂದು ನಿಂತುಬಿಡುತ್ತದೆ. ಟ್ಯಾಂಕು ತುಂಬಿದಂತೆ ಕಂಡರೂ ಎರಡು ಮೂರು ಲೀಟರು ಜಾಗ ಉಳಿದಿರುತ್ತದೆ. ಮುಂದಿನ ಸಲ ಅದೇ ಜಾಸ್ತಿ ಹಿಡಿಯುತ್ತದೆ. ಎರಡೂ ಸಲ ಕೂಡಿಸಿದರೆ 480 ಕಿಲೋಮೀಟರಿಗೆ 40 ಲೀಟರು, ಅಂದರೆ ಲೀಟರಿಗೆ 12. ನಾನು ಹೆಮ್ಮೆಪಟ್ಟುಕೊಂಡ 14 ಯಾವತ್ತೂ ಇರಲೇ ಇಲ್ಲ! ಕಳೆದುಹೋದದ್ದು 47 ಲೀಟರಲ್ಲ, 18.

ಆ 18ನ್ನು ಹುಡುಕಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಮೊದಲ ದಿನವೇ ವಾಶಿಯಲ್ಲಿ ಸಾಲು. ನಾಲ್ಕು ಮಾರು ಮುಂದೆ, ಮತ್ತೆ ನಿಲ್ಲು. ಇಂಜಿನ್ ಉರಿಯುತ್ತಲೇ ಇತ್ತು, ಗಡಿಯಾರ ನೋಡಿದರೆ ಒಂದು ಗಂಟೆ. ಇಂಥ ಇಂಜಿನ್ ಸುಮ್ಮನೆ ನಿಂತು ಉರಿದರೂ ಗಂಟೆಗೆ ಅರ್ಧ ಲೀಟರಿನಷ್ಟಾದರೂ ಕುಡಿಯುತ್ತದೆ. ತಿಂಗಳಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಮೈಲೇಜಿನಲ್ಲಿ ಕಿಲೋಮೀಟರು ಮಾತ್ರ ಕಾಣುತ್ತದೆ, ನಿಂತ ಹೊತ್ತು ಕಾಣುವುದಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಈ ಸಾಲು ಅಷ್ಟಿರಲಿಲ್ಲ. ಜುಲೈಯಲ್ಲಿ ಸಾಯನ್ ಹತ್ತಿರ ನೀರು ನಿಂತರೆ ಕೇಳಲೇಬೇಡಿ.

ಮೂರನೆಯ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು. ಮಾಟುಂಗಾದಲ್ಲಿ ಮಾಲು ಇಳಿಸುವಾಗ ಇಂಜಿನ್ನಿನ ಸದ್ದು ಬದಲಾಗಿ ಏರಿತು, ಹೊಗೆಕೊಳವೆಯ ಕಡೆಯಿಂದ ಬಿಸಿ ವಾಸನೆ ಬಂತು. "ಆರಿಸಬಾರದು, ಒಳಗೆ ಸುಡುತ್ತಿದೆ" ಎಂದ ಅವನು. ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಗಾಡಿ ತಾನಾಗಿಯೇ ಹೆಚ್ಚು ಡೀಸೆಲ್ ಹಾಕಿ, ಶಾಖ ಏರಿಸಿ, ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಇದು ಅಪರೂಪ, ಏಕೆಂದರೆ ಅಲ್ಲಿ ಕೊಳವೆ ಬಿಸಿಯಾಗಿಯೇ ಇರುತ್ತದೆ. ಊರೊಳಗೆ ನಿಂತು ನಿಂತು ಹೋಗುವ ಗಾಡಿಗೆ ಪದೇ ಪದೇ. ಮಧ್ಯದಲ್ಲಿ ಆರಿಸಿದರೆ ಸುಟ್ಟ ಡೀಸೆಲ್ ವ್ಯರ್ಥ, ಮುಂದಿನ ಸಲ ಮತ್ತೆ ಶುರು. ಮೊದಲೆಲ್ಲ "ಸುಮ್ಮನೆ ಯಾಕೆ ಉರಿಸುತ್ತೀಯ" ಎಂದು ಗದರಿಸಿ ಆರಿಸಿದವನು ನಾನೇ.

ಇನ್ನು ಚಿಲ್ಲರೆ ಕಾರಣಗಳು. ಹಿಂದಿನ ಟಯರಿನ ಗಾಳಿ ಕಡಿಮೆಯಿತ್ತು. ಮೇ ತಿಂಗಳಲ್ಲಿ ಅರ್ಧ ಹೊರೆ, ಜುಲೈಯಲ್ಲಿ ಪೂರ್ತಿ. ಟಾರ್ಪಾಲು ಸಡಿಲ ಕಟ್ಟಿದರೆ ಗಾಳಿಗೆ ಹಾಯಿಯಂತೆ ಉಬ್ಬಿ ಗಾಡಿಯನ್ನು ಹಿಂದಕ್ಕೆಳೆಯುತ್ತದೆ, ವೇಗ ಹೆಚ್ಚಿದಷ್ಟೂ ಹೆಚ್ಚು.

ಹೊಸ ಇಂಜಿನ್ ಬಿಗಿಯಾಗಿರುತ್ತದೆ, ಕೆಲವು ಸಾವಿರ ಕಿಲೋಮೀಟರು ಓಡಿ ಪಳಗಿದ ಮೇಲೆ ಮೈಲೇಜು ತುಸು ಏರಬೇಕು. ಕಂಪನಿಯ ಕಾಗದದಲ್ಲಿರುವ ಅಂಕಿ ಮಾತ್ರ ಸಿಗುವುದೆಂದು ಕಾಯಬೇಡಿ. ಅದು ಪ್ರಯೋಗಾಲಯದಲ್ಲಿ ಚಕ್ರಗಳನ್ನು ಉರುಳೆಗಳ ಮೇಲಿಟ್ಟು, ಗೊತ್ತುಮಾಡಿದ ವೇಗದಲ್ಲಿ ಓಡಿಸಿ ತೆಗೆದದ್ದು. ಅಲ್ಲಿ ಕುರ್ಲಾದ ಟ್ರಾಫಿಕ್ ಇಲ್ಲ. ಪೆಟ್ರೋಲ್ ಪಿಕಪ್ ಇರುವವರಿಗೆ ಒಂದು ಮಾತು: ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಶೇಕಡಾ 20 ಬೆರೆಸಿದ ಇಂಧನಕ್ಕೆ ಬದಲಾದಾಗ ಮೈಲೇಜು ತುಸು ಇಳಿದರೆ ಅದಕ್ಕೂ ಚಾಲಕನನ್ನು ಬಯ್ಯಬೇಡಿ.

ಲೆಕ್ಕ ಇಡುವ ಕ್ರಮ ಸುಲಭ. ಒಂದೇ ಬಂಕು, ಸಾಧ್ಯವಾದರೆ ಅದೇ ನಳಿಕೆ, ಗಾಡಿ ಸಮನೆಲದಲ್ಲಿ, ಮೊದಲ ಟಕ್ ಸದ್ದಿಗೆ ನಿಲ್ಲಿಸುವುದು. ಒಂದು ಸಲದ ಅಂಕಿಯನ್ನು ನಂಬದೆ, ಐದು ಸಲದ ಕಿಲೋಮೀಟರು ಕೂಡಿಸಿ ಐದು ಸಲದ ಲೀಟರಿನಿಂದ ಭಾಗಿಸುವುದು. ಪಕ್ಕದಲ್ಲಿ ಹೊರೆ ಎಷ್ಟು, ಎಷ್ಟು ಹೊತ್ತು ನಿಂತಿತು ಎಂದು ಬರೆಯುವುದು. ಇಷ್ಟು ಮಾಡಿದ ಮೇಲೂ ಅಂಕಿ ಸತತವಾಗಿ ಇಳಿಯುತ್ತಿದ್ದರೆ ಏರ್ ಫಿಲ್ಟರ್, ಬ್ರೇಕು, ಡೀಸೆಲ್ ಸೋರಿಕೆ ನೋಡಿಸಿ. ವಾರಂಟಿಯಲ್ಲಿರುವ ಗಾಡಿಯನ್ನು ಸರ್ವೀಸಿಗೆ ಒಯ್ಯುವಾಗ ಆ ಪುಸ್ತಕವೂ ಕೈಯಲ್ಲಿರಲಿ. ಬಾಯಿಮಾತಿನ ದೂರಿಗೆ ಅಲ್ಲಿ ಬೆಲೆ ಕಡಿಮೆ.

ಚಾಲಕನಲ್ಲಿ ಕ್ಷಮೆ ಕೇಳಿದೆ. "ಇರಲಿ ಸೇಠ್" ಎಂದ, ಆದರೆ ಹದಿನೈದು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ. ಈಗ ಪುಸ್ತಕ ಅವನ ಕೈಯಲ್ಲೇ ಇದೆ, ಅವನೇ ಬರೆಯುತ್ತಾನೆ. ಕಳೆದ ಐದು ಸಲದ ಲೆಕ್ಕ: 1,210 ಕಿಲೋಮೀಟರು, 98 ಲೀಟರು. ಹನ್ನೆರಡಕ್ಕೆ ತುಸು ಮೇಲೆ.